ರೋನಿಯ ಕಾರಿನ ಬೆಳ್ಳನೆಯ ಹಲಗೆ

ಇದು ನಡೆದದ್ದು ಎರಡು ವರ್ಷಗಳ ಹಿಂದೆ, ನನ್ನ ಮಗಳು ಇಶಾನಿ ಶಾಲೆಗೆ ಸೇರುವ ಮುಂಚಿನ ಬೇಸಿಗೆಯಲ್ಲಿ. ನಾವಿರುವುದು ಸ್ವೀಡನ್ನಿನ ಲುಂಡ್‌ನಲ್ಲಿ. ನಾನು ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಆ ದಿನದ ವಿಷಯ ಬಂದಾಗ ನನ್ನ ಗಂಡ ನವೀನ್ ಒಂದು ರೀತಿ ಹೇಳುತ್ತಾರೆ, ನಾನು ಒಂದು ರೀತಿ. ಆದ್ದರಿಂದ ನನ್ನ ಕಣ್ಣಿಗೆ ಬಿದ್ದದ್ದನ್ನು ಮಾತ್ರ ಇಲ್ಲಿ ಬರೆಯುತ್ತೇನೆ.

ನಮ್ಮೂರಿನಿಂದ ಒಂದು ಗಂಟೆ ದೂರದಲ್ಲಿ ಮೀನುಗಾರರ ಸಣ್ಣ ಬಂದರು ಇದೆ. ಬೇಸಿಗೆಯಲ್ಲಿ ಒಂದು ಭಾನುವಾರ ಅಲ್ಲಿ ಹಳೆಯ ಕಾರುಗಳ ಮಾಲೀಕರು ಸೇರುತ್ತಾರೆ. ಅವು ಮಾಮೂಲಿ ಕಾರುಗಳಲ್ಲ. ಮೂತಿ ಕಬ್ಬಿಣದ್ದು, ಬಾಗಿಲಿನಿಂದ ಹಿಂದಕ್ಕೆಲ್ಲ ಮರದ ಚೌಕಟ್ಟು, ಮರದ ಹಲಗೆ. ವಾರ್ನಿಶ್ ಹೊಡೆದು ಬಿಸಿಲಿನಲ್ಲಿ ನಿಲ್ಲಿಸಿದರೆ ಜೇನುತುಪ್ಪದ ಬಣ್ಣ.

"ನಮ್ಮೂರಲ್ಲಾಗಿದ್ರೆ ಯಾರಾದ್ರೂ ಇದನ್ನ ಬಿಚ್ಚಿ ದಿವಾನ್ ಮಾಡಿಸಿರೋರು," ಎಂದರು ನವೀನ್.

"ಮೆಲ್ಲಗೆ ಮಾತಾಡ್ರೀ."

"ಇಲ್ಲಿ ಯಾರಿಗೆ ಅರ್ಥ ಆಗುತ್ತೆ ಬಿಡೇ."

ಕಾರುಗಳು ನಿಂತಿದ್ದದ್ದು ಹುಲ್ಲಿನ ಇಳಿಜಾರಿನಲ್ಲಿ. ಅದರ ಬುಡದಲ್ಲಿ, ದೋಣಿಗಳನ್ನು ನೀರಿಗೆ ಇಳಿಸಲು ಮಾಡಿದ ಸಿಮೆಂಟಿನ ದಾರಿ ನೇರವಾಗಿ ಸಮುದ್ರದೊಳಕ್ಕೆ ಹೋಗುತ್ತಿತ್ತು. ಆ ದಾರಿಯ ಪಕ್ಕದಲ್ಲಿ, ದೋಣಿಮನೆಯ ನೆರಳಿನಲ್ಲಿ, ರೋನಿ ಎಂಬುವವರ ಕಾರಿತ್ತು. ಅರವತ್ತು ದಾಟಿದ ಎತ್ತರದ ಮನುಷ್ಯ. ಕಾರಿನ ಮುಂದೆ 'ಮುಟ್ಟಬೇಡಿ' ಎಂಬ ಫಲಕ, ಕೈಯಲ್ಲಿ ಮೆತ್ತನೆಯ ಬಟ್ಟೆ. ಇಶಾನಿ ಒಂದು ಬೆರಳು ಚಾಚಿದ್ದಕ್ಕೇ ಅವರು ಬಂದು ನಿಂತರು.

"ಕೈಯಲ್ಲಿ ಎಣ್ಣೆ ಇರುತ್ತೆ ಪುಟ್ಟಿ. ಮರ ಅದನ್ನು ಮರೆಯೋಲ್ಲ," ಎಂದರು ಸ್ವೀಡಿಷ್‌ನಲ್ಲಿ. ಗದರಿಸಲಿಲ್ಲ, ನಗಲೂ ಇಲ್ಲ. ಆ ಹಲಗೆಗಳನ್ನು ಕೂರಿಸಲು ಅವರಿಗೆ ಹಲವು ಚಳಿಗಾಲಗಳು ಹಿಡಿದಿದ್ದವಂತೆ. ಬಿಸಿಲು ಬಿದ್ದರೆ ವಾರ್ನಿಶ್ ಬಿರಿಯುತ್ತದೆಂದು, ನೆರಳು ಸರಿದಾಗಲೆಲ್ಲ ಎಂಜಿನ್ ಶುರುಮಾಡಿ ಕಾರನ್ನೂ ಸರಿಸುತ್ತಿದ್ದರು. ನವೀನ್ ನನ್ನ ಕಿವಿಯಲ್ಲಿ, "ಹೆಂಡ್ತೀನೂ ಇಷ್ಟು ನೋಡ್ಕೊಂಡಿರಲ್ಲ," ಎಂದರು.

ಇಳಿಜಾರಿನ ಮೇಲ್ಗಡೆ ಇದ್ದ ಗುನಿಲ್ಲಾ ಇದಕ್ಕೆ ತದ್ವಿರುದ್ಧ. ಬಿಳಿ ಕೂದಲಿನ ನಿವೃತ್ತ ಟೀಚರ್. ಅವರ ಕಾರಿನ ಮರ ಮಾಸಿತ್ತು, ಸೀಟಿನ ತುಂಬ ನಾಯಿಯ ಕೂದಲು. ಮಕ್ಕಳನ್ನು ಕಂಡರೆ ಅವರೇ ಕರೆದು ಒಳಗೆ ಕೂರಿಸುತ್ತಿದ್ದರು. ಇಶಾನಿಯ ಕೈಗೆ ದಾಲ್ಚಿನ್ನಿ ಬನ್ ಕೊಟ್ಟು, ಡ್ರೈವರ್ ಸೀಟಿನಲ್ಲಿ ಕೂರಿಸಿ, ಬಾಗಿಲು ಹಾಕಿದರು. ನವೀನ್ ಫೋಟೋಗೆಂದು ಹಿಂದೆ ಹಿಂದೆ ಸರಿದರು. ಗುನಿಲ್ಲಾ ನನಗಾಗಿ ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಿದ್ದರು. ನಾನು ಕಪ್ಪು ಹಿಡಿದಿದ್ದೆ.

ಆ ಕಾರಿನ ಗೇರಿನ ಕಡ್ಡಿ ಸ್ಟೀರಿಂಗ್ ಪಕ್ಕದಲ್ಲೇ ಇತ್ತು. ಇಶಾನಿ ಅದಕ್ಕೆ ಎರಡೂ ಕೈಯಲ್ಲಿ ಜೋತುಬಿದ್ದದ್ದು ನನಗೆ ಕಂಡಿತು. ಟಕ್ ಎಂದು ಸದ್ದಾಯಿತು. ಆಮೇಲೆ ಕಾರಿನ ಮೂತಿ ನನ್ನೆದುರಿನಿಂದ ನಿಧಾನವಾಗಿ ಸರಿಯತೊಡಗಿತು. ಮೊದಲು ನನಗೆ ನಾನೇ ಅಲುಗಾಡಿದಂತೆ ಅನ್ನಿಸಿತು. ಇಶಾನಿ ಕಿಟಕಿಯಿಂದ ಕೈ ಬೀಸಿದಳು. ಅವಳಿಗೆ ಅದು ಆಟ.

ನಮ್ಮಪ್ಪ ಚಾರ್ಮಾಡಿ ಘಾಟಿಯಲ್ಲಿ ಕಾರು ನಿಲ್ಲಿಸಿದಾಗಲೆಲ್ಲ ಉರುಳದಂತೆ ಟೈರಿಗೆ ಕಲ್ಲು ಕೊಡುತ್ತಿದ್ದರು. ಕಲ್ಲು ಹುಡುಕಿ ತರುವುದು ಚಿಕ್ಕಂದಿನಲ್ಲಿ ನನ್ನ ಕೆಲಸ. ಆ ಅಭ್ಯಾಸವೇ ಇರಬೇಕು, ಕಪ್ಪು ಬಿಸಾಡಿ, ಹುಲ್ಲಿನಂಚಿಗೆ ಸಾಲಾಗಿ ಇಟ್ಟಿದ್ದ ಕಲ್ಲುಗಳಲ್ಲಿ ಒಂದನ್ನು ಎತ್ತಿಕೊಂಡು ಓಡಿದೆ. ಮುಂದಿನ ಚಕ್ರಕ್ಕೆ ಕೊಟ್ಟೆ. ಆದರೆ ಅದು ಸಮುದ್ರದಲ್ಲಿ ತೇದು ಮೊಟ್ಟೆಯಂತೆ ನುಣ್ಣಗಾದ ಕಲ್ಲು. ಚಕ್ರ ತಗುಲಿದ ಕೂಡಲೇ ಚಿಮ್ಮಿ ಪಕ್ಕಕ್ಕೆ ಹೋಯಿತು. ನವೀನ್ ಬಾಗಿಲಿನ ಹಿಡಿಕೆ ಹಿಡಿದು ಓಡುತ್ತಿದ್ದವರು ಹುಲ್ಲಿನಲ್ಲಿ ಜಾರಿ ಬಿದ್ದರು. ಕಾರಿಗೆ ಈಗ ವೇಗ ಬಂದಿತ್ತು. ಅದರ ಮುಂದೆ ಸಿಮೆಂಟಿನ ದಾರಿ, ಅದರಾಚೆ ನೀರು. ನಾನು ಕೂಗಿದೆನಂತೆ. ಏನೆಂದು ಕೂಗಿದೆನೋ ನೆನಪಿಲ್ಲ.

ಅದೇ ಹೊತ್ತಿಗೆ ರೋನಿ ನೆರಳಿಗೆ ಸರಿಸಲೆಂದು ತಮ್ಮ ಕಾರಿನಲ್ಲಿ ಕೂತು ಎಂಜಿನ್ ಶುರುಮಾಡಿದ್ದರು. ಅವರು ತಲೆಯೆತ್ತಿ ಮೇಲೆ ನೋಡಿದ್ದನ್ನು ನಾನು ಕಂಡೆ. ನೆರಳು ಇದ್ದದ್ದು ಅವರ ಹಿಂದೆ. ಆದರೆ ಅವರು ಕಾರನ್ನು ಮುಂದಕ್ಕೆ ಬಿಟ್ಟರು. ಸಿಮೆಂಟಿನ ದಾರಿಗೆ ಅಡ್ಡಲಾಗಿ ತಂದು, ಮರದ ಪಕ್ಕೆಯನ್ನು ನಮ್ಮತ್ತ ಮಾಡಿ ನಿಲ್ಲಿಸಿದರು. ಒಳಗಿಂದ ಇಳಿಯಲಿಲ್ಲ. ಸ್ಟೀರಿಂಗ್ ಗಟ್ಟಿಯಾಗಿ ಹಿಡಿದು ಕೂತರು.

ಗುನಿಲ್ಲಾ ಅವರ ಕಾರು ಹೋಗಿ ರೋನಿಯ ಕಾರಿನ ಹಿಂಬಾಗಿಲಿಗೆ ಬಡಿಯಿತು. ಒಣಗಿದ ಮರ ಸೀಳುವ ಸದ್ದು. ಎರಡೂ ಕಾರುಗಳು ಒಂದಿಷ್ಟು ಜರುಗಿ ನಿಂತವು.

ನಾನು ತಲುಪುವಷ್ಟರಲ್ಲಿ ರೋನಿ ಇಳಿದು ಬಂದು ಇಶಾನಿಯನ್ನು ಎತ್ತಿಕೊಂಡಿದ್ದರು. ಅವಳ ಹಣೆಯಲ್ಲಿ ಸಣ್ಣ ಬುಗುಟು, ಅಷ್ಟೆ. ನಾನು ಅವಳ ಕೈ, ಕಾಲು, ತಲೆ ಎಲ್ಲ ತಡವಿ ನೋಡಿದೆ. ನವೀನ್ ಬಂದವರು ಅಲ್ಲೇ ಕೂತುಬಿಟ್ಟರು. ಇಶಾನಿ ಅಲ್ಲಿಯವರೆಗೂ ಅತ್ತಿರಲಿಲ್ಲ. ಮುರಿದ ಹಲಗೆ ನೋಡಿದ ಮೇಲೆ ಬಿಕ್ಕಳಿಸಿ ಅತ್ತಳು. ಸಕ್ಕರೆ ಮೆತ್ತಿದ ಕೈಯಲ್ಲಿ ಅದನ್ನು ಸವರತೊಡಗಿದಳು.

"ಮುಟ್ಟಬೇಡ ಕಂದಾ," ಎಂದೆ. ಯಾಕೆ ಹಾಗಂದೆನೋ, ಬಾಯಿಗೆ ಬಂತು.

ಕನ್ನಡವಾದರೂ ರೋನಿಗೆ ಅರ್ಥವಾಗಿರಬೇಕು. ಆ ದಿನ ಮೊದಲ ಸಲ ನಕ್ಕರು. "ಮುಟ್ಟಲಿ ಬಿಡಿ. ಮರ ತಾನೇ, ಇನ್ನೂ ಬೆಳೀತಾನೇ ಇದೆ ಕಾಡಲ್ಲಿ." ಎನ್ನುತ್ತ ಅವಳ ಬೆನ್ನು ತಟ್ಟಿದರು.

ಗುನಿಲ್ಲಾ ನನ್ನ ತೋಳು ಹಿಡಿದುಕೊಂಡು ಹೇಳಿದ್ದನ್ನೇ ಹೇಳುತ್ತಿದ್ದರು. ಇಲ್ಲಿ ಚಳಿಗಾಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ಬಿಟ್ಟರೆ ಅದು ಹೆಪ್ಪುಗಟ್ಟಿ ಬಿಡಿಸಲು ಬರುವುದಿಲ್ಲ. ಅದಕ್ಕೆ ಹಳಬರು ಕಾರನ್ನು ಗೇರಿನಲ್ಲಿ ನಿಲ್ಲಿಸಿ ಹೋಗುತ್ತಾರೆ, ಬ್ರೇಕ್ ಮುಟ್ಟುವುದಿಲ್ಲ. ಇಶಾನಿ ಜೋತುಬಿದ್ದಾಗ ಆ ಗೇರೇ ಕಳಚಿತ್ತು. "ಈಗ ಬೇಸಿಗೆ. ನನ್ನ ಕೈಗೆ ಅದು ಗೊತ್ತಾಗಲಿಲ್ಲ," ಎಂದು ಅತ್ತರು. ಅವರ ಮೇಲೆ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ನನ್ನ ಕೈ ಕಲ್ಲು ಹುಡುಕಿದ್ದೂ ಹಾಗೆಯೇ ಅಲ್ಲವೇ?

ಹೊರಡುವಾಗ ನವೀನ್, "ನಿಮಗೆ ನಾವೇನು ಮಾಡೋಕಾಗುತ್ತೆ ಹೇಳಿ," ಎಂದರು. ರೋನಿ ಮುರಿದ ಬಾಗಿಲಿನ ಕಡೆ ನೋಡಿದರು.

"ಚಳಿಗಾಲದಲ್ಲಿ ಬನ್ನಿ. ನೀವು, ಮಗಳು, ಇಬ್ಬರೂ. ನನಗೆ ಮರಕ್ಕೆ ಉಪ್ಪುಕಾಗದ ತಿಕ್ಕೋದು ಬೇಜಾರು."

ಹೋದರು. ಅಪ್ಪ ಮಗಳು ಚಳಿಗಾಲದ ಶನಿವಾರಗಳನ್ನು ಅವರ ಗ್ಯಾರೇಜಿನಲ್ಲಿ ಕಳೆದರು. ಮೈಯೆಲ್ಲ ಮರದ ಪುಡಿ ಮಾಡಿಕೊಂಡು ಬರುತ್ತಿದ್ದರು. ಆ ಘಟನೆಯ ನಂತರ ಯಾವ ಕಾರಿನಲ್ಲೂ ಕೂರುವುದಿಲ್ಲವೆಂದು ಹಟ ಮಾಡುತ್ತಿದ್ದ ಇಶಾನಿ, ಶನಿವಾರ ಮಾತ್ರ ತಾನೇ ಹೋಗಿ ಬೆಲ್ಟ್ ಹಾಕಿಕೊಂಡು ಕೂರುತ್ತಿದ್ದಳು. ಫೆಬ್ರವರಿಯ ಹೊತ್ತಿಗೆ ಉಳಿದ ದಿನಗಳಲ್ಲೂ ಹಟ ನಿಂತಿತು. ಅದನ್ನು ನಾನು ಯಾರಿಗೂ ಹೇಳಲಿಲ್ಲ, ದೃಷ್ಟಿ ತಾಗೀತೆಂದು.

ಕಳೆದ ಬೇಸಿಗೆ ಮತ್ತೆ ಆ ಬಂದರಿಗೆ ಹೋದೆವು. ಗುನಿಲ್ಲಾ ಅವರ ಚಕ್ರಗಳ ಮುಂದೆ ಮರದ ದೊಡ್ಡ ಬೆಣೆಗಳಿದ್ದವು, ನೋಡಿ ಎಂದು ಕೈ ಹಿಡಿದು ಕರೆದೊಯ್ದು ತೋರಿಸಿದರು. ರೋನಿಯ ಕಾರು ದೋಣಿಮನೆಯ ನೆರಳಿನಲ್ಲೇ ಇತ್ತು. ಎಲ್ಲ ಹಲಗೆಗಳೂ ಜೇನಿನ ಬಣ್ಣ, ಹಿಂಬಾಗಿಲಿಗೆ ಹೊಸದಾಗಿ ಕೂರಿಸಿದ ಒಂದು ಮಾತ್ರ ಬೆಳ್ಳಗಿತ್ತು. ಬಣ್ಣ ಹಾಕಿ ಹೊಂದಿಸಬಹುದಿತ್ತಲ್ಲ ಎಂದು ಪಕ್ಕದ ಕಾರಿನವರೊಬ್ಬರು ಕೇಳಿದರು.

"ಬೇಕಾಗಿಲ್ಲ," ಎಂದರು ರೋನಿ. "ಬಿಸಿಲು ತಾನೇ ಹೊಂದಿಸುತ್ತೆ."

'ಮುಟ್ಟಬೇಡಿ' ಫಲಕ ಅಲ್ಲೇ ಇತ್ತು. ಇಶಾನಿ ಅದನ್ನು ದಾಟಿ ನೇರವಾಗಿ ಹೋಗಿ, ಆ ಬೆಳ್ಳನೆಯ ಹಲಗೆಯ ಮೇಲೆ ಅಂಗೈ ಇಟ್ಟು ನಿಂತಳು. ಬಟ್ಟೆ ಹಿಡಿದು ನಿಂತಿದ್ದ ರೋನಿ ಅವಳನ್ನು ನೋಡಿದರು. ಆಮೇಲೆ ಬಟ್ಟೆಯನ್ನು ಮಡಚಿ ಜೇಬಿಗೆ ಇಟ್ಟುಕೊಂಡರು.