ನಿಂತೇ ಇದ್ದ ಐದನೇ ಕ್ಲಾಸು

ನಾನು ಮೇಷ್ಟ್ರಲ್ಲ, ಎಸ್ಸೆಸ್ಸೆಲ್ಸಿ ಪಾಸಾದ ಜವಾನ. ರಾಬರ್ಟ್‌ಸನ್‌ಪೇಟೆಯ ಅಂಚಿನಲ್ಲಿರುವ ಒಂದು ಖಾಸಗಿ ಶಾಲೆಯಲ್ಲಿ ಬೆಲ್ ಹೊಡೆಯುವುದು, ನೀರಿನ ಡ್ರಮ್ ತುಂಬಿಸುವುದು, ಹೆಡ್‌ಮಾಸ್ಟರ್ ಕೋಣೆಯ ಮುಂದೆ ನಿಲ್ಲುವುದು ನನ್ನ ಕೆಲಸ. ಸರ್ಕಾರಿ ಶಾಲೆಯಾಗಿದ್ದರೆ ಯಾವತ್ತೋ ಹಾರ ಹಾಕಿ ಮನೆಗೆ ಕಳಿಸುತ್ತಿದ್ದರು. ಇಲ್ಲಿ ನನ್ನ ವಯಸ್ಸನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಬೆಳಿಗ್ಗೆ ಊರಿನ ಡೇರಿಗೆ ಹಾಲು ಹಾಕಿ, ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ಕಡೆಯ ರೈಲು ಹತ್ತಿ ಬರುತ್ತೇನೆ.

ಐದನೇ ಕ್ಲಾಸಿನ ಮಕ್ಕಳು ಮಾತ್ರ ನನ್ನನ್ನು ಮೇಷ್ಟ್ರೇ ಅನ್ನುತ್ತಿದ್ದರು. ಅವರ ಟೀಚರ್ ಹೆರಿಗೆ ರಜೆಗೆ ಹೋದ ಮೇಲೆ ಬೇರೆ ಯಾರೂ ಸಿಗಲಿಲ್ಲ. ಗಲಾಟೆಯಾಗದ ಹಾಗೆ ನೋಡಿಕೊಳ್ಳಿ ಎಂದು ಹೆಡ್‌ಮಾಸ್ಟರ್ ನನ್ನನ್ನು ಕಳಿಸಿದರು. ಮೊದಲ ವಾರ ಬಾಗಿಲಲ್ಲಿ ನಿಂತೆ. ಆಮೇಲೆ ಒಳಗೆ ಹೋದೆ. ಆಮೇಲೆ ಕುರ್ಚಿಯಲ್ಲಿ ಕೂತೆ. ಮಗ್ಗಿ ಹೇಳಿಸಿದೆ, ಉಕ್ತಲೇಖನ ಬರೆಸಿದೆ. ಒಂದು ವಿಷಯದಲ್ಲಿ ಬಲು ಬಿಗಿ ಇದ್ದೆ. ನಾನು ಬಂದ ಕೂಡಲೇ ಎಲ್ಲರೂ ಏಳಬೇಕು, ರಾಗವಾಗಿ ನಮಸ್ತೇ ಹೇಳಬೇಕು, ಕೂತ್ಕಳಿ ಅಂತ ನಾನು ಹೇಳುವವರೆಗೆ ಒಬ್ಬರೂ ಕೂರಕೂಡದು. ಬೇರೆ ಕ್ಲಾಸುಗಳಲ್ಲಿ ಮಕ್ಕಳು ಅರ್ಧ ಎದ್ದು ತಾವಾಗಿಯೇ ಕೂತುಬಿಡುತ್ತಾರೆ. ನನ್ನ ಕ್ಲಾಸಿನಲ್ಲಿ ಅದು ನಡೆಯುತ್ತಿರಲಿಲ್ಲ. ನಾನು ಎರಡು ಉಸಿರು ಹೆಚ್ಚಿಗೆ ಕಾಯಿಸಿಯೇ ಕೂರಿಸುತ್ತಿದ್ದೆ.

ಆಗ ನಾರ್ವೆ ದೇಶದ ಹುಡುಗಿ ಬಂದಳು. ಟೀಚರ್ ಆಗುವುದಕ್ಕೆ ಓದುತ್ತಿದ್ದಳು. ಓದಿನ ಒಂದು ಭಾಗಕ್ಕೆಂದು ಬೆಂಗಳೂರಿಗೆ ಬಂದವಳನ್ನು ಅಲ್ಲಿನ ಕಾಲೇಜಿನವರು ಪಾಠ ಮಾಡಿ ಕಲಿಯಲಿ ಎಂದು ನಮ್ಮಲ್ಲಿಗೆ ಕಳಿಸಿದ್ದರು. ಹೆಡ್‌ಮಾಸ್ಟರಿಗೆ ಇದು ಇಷ್ಟವಿರಲಿಲ್ಲ. "ಇವತ್ತೊಂದಿನ ನೋಡ್ತೀನಿ. ಸರಿಯಾದ್ರೆ ಐದನೇ ಕ್ಲಾಸ್ ಅವಳಿಗೆ, ಇಲ್ದಿದ್ರೆ ವಾಪಸ್ ಬೆಂಗಳೂರಿಗೆ" ಎಂದು ನನ್ನ ಮುಂದೆಯೇ ಅಂದರು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಜವಾನನನ್ನು ಯಾಕೆ ಕೇಳುತ್ತಾರೆ?

ಅವಳು ಚೂಡಿದಾರ್ ಹಾಕಿಕೊಂಡು, ದೊಡ್ಡ ಬೂಟು ಮೆಟ್ಟಿಕೊಂಡು ಬಂದಿದ್ದಳು. ಕನ್ನಡವನ್ನು ಪುಸ್ತಕ ಓದಿದಂತೆ ಮಾತಾಡುತ್ತಿದ್ದಳು.

"ತಾತ, ಇದು ನನ್ನ ಮೊದಲನೆಯ ದಿನ. ಈ ಶಾಲೆಯವರು ಬೇಡ ಎಂದರೆ ನನ್ನ ಒಂದು ವರ್ಷ ಹಾಳಾಗುತ್ತದೆ. ನಾನು ಏನಾದರೂ ತಪ್ಪು ಮಾಡಿದರೆ ದಯವಿಟ್ಟು ಹೇಳುತ್ತೀರಾ?"

"ಏಳ್ತೀನಿ ಬುಡವ್ವ, ನಾನಿಲ್ವಾ" ಅಂದೆ.

ಅವಳು ಒಳಗೆ ಹೋದಳು. ಮಕ್ಕಳು ಎದ್ದರು, ರಾಗವಾಗಿ ನಮಸ್ತೇ ಹೇಳಿದರು. ಅವಳೂ ಕೈ ಮುಗಿದು ನಮಸ್ತೇ ಅಂದಳು. ಮಕ್ಕಳು ನಿಂತೇ ಇದ್ದರು. ಅವಳು ನಕ್ಕಳು. ಮಕ್ಕಳೂ ನಕ್ಕರು. ಯಾರೂ ಕೂರಲಿಲ್ಲ. ಅವಳು ಕುರ್ಚಿಯನ್ನು ನೋಡಿದಳು, ಮಕ್ಕಳನ್ನು ನೋಡಿದಳು, ಆಮೇಲೆ ಬಾಗಿಲಲ್ಲಿದ್ದ ನನ್ನನ್ನು ನೋಡಿದಳು. ಕಣ್ಣಲ್ಲೇ ಕೇಳಿದಳು: ಇಲ್ಲಿ ಹೀಗೆ ನಿಂತೇ ಓದುವುದಾ?

ನಾನು ಹೌದೆನ್ನುವಂತೆ ತಲೆಯಾಡಿಸಿದೆ.

ಇಷ್ಟೇ ನಾನು ಮಾಡಿದ್ದು. ಬಾಯಿ ಬಿಟ್ಟು ಸುಳ್ಳು ಹೇಳಲಿಲ್ಲ ಎಂದು ಆ ಹೊತ್ತಿನಲ್ಲಿ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸಮಾಧಾನ ಆಯಿತು ಕೂಡ.

ಅವಳು ಕುರ್ಚಿಯನ್ನು ಗೋಡೆಗೆ ಸರಿಸಿ, ತಾನೂ ನಿಂತುಕೊಂಡು ಪಾಠ ಶುರು ಮಾಡಿದಳು. ಎಲೆಯ ಚಿತ್ರ ಬರೆದಳು. ಚೆನ್ನಾಗಿಯೇ ಬರೆದಳು. ಮಕ್ಕಳು ನಿಂತುಕೊಂಡೇ ಬೆಂಚಿನ ಮೇಲೆ ಬಗ್ಗಿ ಬರೆದುಕೊಂಡರು. ಸ್ವಲ್ಪ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು.

"ಕಾಲು ವಲಿಕ್ಕಿದು ಡಾ" ಎಂದು ಒಬ್ಬ ಕಾಲು ನೋವಿಗೆ ತಮಿಳಿನಲ್ಲಿ ನರಳಿದ.

"ಸುಮ್ನಿರ್ಲಾ, ಫಾರಿನ್ ಪನಿಶ್‌ಮೆಂಟ್ ಕಣ್ಲಾ ಇದು" ಅಂದ ಪಕ್ಕದವನು.

"ನಾವೇನ್ಲಾ ತಪ್ಪು ಮಾಡುದ್ವಿ?"

"ಫಾರಿನ್‌ನಾಗೆ ತಪ್ಪು ಮಾಡೋಕ್ ಮುಂಚೆನೇ ಕೊಡ್ತಾರೆ."

ಹೆಡ್‌ಮಾಸ್ಟರ್ ಬಂದು ಕಿಟಕಿಯಲ್ಲಿ ಇಣುಕಿದರು. ವಾಪಸ್ ಹೋಗಿ, ನನ್ನನ್ನು ಕೋಣೆಗೆ ಕರೆಸಿದರು.

"ಬಂದ ದಿನಾನೇ ಇಡೀ ಕ್ಲಾಸ್ ನಿಲ್ಲಿಸಿದ್ದಾಳಲ್ರೀ! ಯಾರಾದ್ರೂ ಪೇರೆಂಟ್ಸ್ ನೋಡಿದ್ರೆ ನನ್ನ ಗತಿ ಏನು? ಮಕ್ಕಳು ಏನ್ ಮಾಡಿದ್ರು?"

"ನಂಗೇನ್ ಗೊತ್ತು ಸಾರ್, ನೀರ್ ಇಡಿಯಾಕ್ ಓಗಿದ್ದೆ."

"ಸಾಕು, ನಾಳೆಯಿಂದ ಅವಳು ಬೇಡ. ಸಂಜೆ ನೀವೇ ಹೇಳಿಬಿಡಿ. ನನಗೆ ಅವಳ ಥರ ಪುಸ್ತಕದ ಕನ್ನಡದಲ್ಲಿ ಪಾಠ ಮಾಡೋಕೆ ಬರುತ್ತೆ, ಬಯ್ಯೋಕೆ ಬರಲ್ಲ."

ಮಧ್ಯಾಹ್ನ ಅವಳನ್ನು ಸ್ಟಾಫ್ ರೂಮಿನಲ್ಲಿ ಕೂರಿಸಿ ಐದನೇ ಕ್ಲಾಸಿಗೆ ಮತ್ತೆ ನನ್ನನ್ನೇ ಕಳಿಸಿದರು. ಮಕ್ಕಳು ಎದ್ದು ನಮಸ್ತೇ ಮೇಷ್ಟ್ರೇ ಅಂದರು. ನಾನು ಕಾಯಿಸದೆ ಕೂತ್ಕಳಿ ಅಂದೆ. ಧೊಪ್ಪನೆ ಕೂತರು. ಒಬ್ಬಳು ಮಾತ್ರ ಕೂರಲಿಲ್ಲ. ನಂದಿದುರ್ಗ ಗಣಿಯ ಕಾರ್ಮಿಕರ ಲೈನ್ ಮನೆಗಳ ಕಡೆಯಿಂದ ಬರುವ ಹುಡುಗಿ, ಬಾಯಿ ಜೋರು.

"ಮೇಷ್ಟ್ರೇ, ನೀವ್ ಬಾಗ್ಲಾಗೇ ಇದ್ರಲ್ಲ. ಕೂತ್ಕಳಿ ಅನ್ಬೇಕು ಅಂತ ಮಿಸ್‌ಗೆ ಯಾಕ್ ಏಳ್ಕೊಡ್ಲಿಲ್ಲ?"

"ಮಗ್ಗಿ ಬರೀರಿ" ಅಂದೆ.

"ಯಾವ್ ಮಗ್ಗಿ?"

ನನಗೆ ಯಾವ ಮಗ್ಗಿಯೂ ನೆನಪಾಗಲಿಲ್ಲ. "ನಿಂಗ್ ಬರೋದು ಬರಿ" ಅಂದು ಹೊರಗೆ ನೋಡಿದೆ. ದೂರದಲ್ಲಿ ಚಿನ್ನದ ಗಣಿಯವರು ಸುರಿದ ಸೈನೈಡ್ ಮಣ್ಣಿನ ದಿಬ್ಬದಿಂದ ಧೂಳು ಏಳುತ್ತಿತ್ತು. ಆ ಕುರ್ಚಿಯಲ್ಲಿ ನಾನು ಕೂತದ್ದು ಅದೇ ಕೊನೆ.

ಸಂಜೆ ಬೆಲ್ ಹೊಡೆದ ಮೇಲೆ ಅವಳು ಜಗಲಿಯಲ್ಲಿ ಕೂತು ಬೂಟು ಬಿಚ್ಚಿ ಪಾದ ಒತ್ತಿಕೊಳ್ಳುತ್ತಿದ್ದಳು. ಬೇಡವೆಂದಿರುವುದು ಅವಳಿಗೆ ಇನ್ನೂ ಗೊತ್ತಿರಲಿಲ್ಲ. ಹೇಳಬೇಕಾದವನು ನಾನೇ.

"ತಾತ, ನಿಮ್ಮ ಮಕ್ಕಳು ಬಹಳ ಗಟ್ಟಿ. ಪ್ರತಿದಿನ ಹೀಗೆ ನಿಂತು ಹೇಗೆ ಓದುತ್ತಾರೆ? ನಮ್ಮ ಊರಿನ ಶಾಲೆಯಲ್ಲಿ ಯಾರೂ ಏಳುವುದೇ ಇಲ್ಲ."

"ಇಲ್ಲೂ ನಿಂತ್ಕಂಡ್ ಓದಲ್ಲ ಕಣವ್ವ. ನೀನು ಕೂತ್ಕಳಿ ಅಂದಿದ್ರೆ ಕೂತ್ಕತಿದ್ರು. ನೀನೇ ನಿಲ್ಲಿಸ್ದೆ ಅಂತ ನಾಳೆಯಿಂದ ಬ್ಯಾಡ ಅಂದವ್ರೆ ಎಡ್‌ಮಾಸ್ಟ್ರು."

ಅವಳು ಪಾದ ಒತ್ತುವುದನ್ನು ನಿಲ್ಲಿಸಿದಳು. "ಆದರೆ ನೀವು ತಲೆಯಾಡಿಸಿದಿರಿ."

"ಆಡಿಸ್ದೆ."

"ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

"ಯಾಕೆ?"

ಉತ್ತರವನ್ನು ಹೇಳುವಾಗ ಅದು ಬಹಳ ಚಿಕ್ಕದಾಗಿ ಕೇಳಿಸಿತು. "ಆ ಕ್ಲಾಸು ನಂದು ಅಂದ್ಕಂಡಿದ್ದೆ. ಅಲ್ಲಿ ನನ್ನ ಮೇಷ್ಟ್ರೇ ಅಂತಾರೆ."

ಅವಳು ಬೂಟು ಹಾಕಿಕೊಂಡು ಲೇಸು ಕಟ್ಟಿದಳು. "ಹೆಡ್‌ಮಾಸ್ಟರಿಗೂ ಹೇಳುತ್ತೀರಾ?" ಎಂದಳು. ಹೋದೆವು. ನಾನು ಹೇಳಿದೆ, ನೀರು ಹಿಡಿಯಲು ಹೋಗಿರಲಿಲ್ಲ ಎಂಬುದನ್ನೂ ಸೇರಿಸಿ. ಹೆಡ್‌ಮಾಸ್ಟರ್ ಅವಳಿಗೆ ನಾಳೆಯಿಂದ ಬನ್ನಿ ಅಂದರು. ನನಗೆ, "ಇನ್ನು ಯಾವ ಕ್ಲಾಸಿನ ಒಳಗೂ ಕಾಲಿಡಬೇಡಿ. ಈ ವಯಸ್ಸಲ್ಲಿ ನಿಮಗೆ ಇನ್ನೇನ್ರೀ ಹೇಳಲಿ?" ಅಂದರು.

ಅವಳು ಈಗಲೂ ಬರುತ್ತಿದ್ದಾಳೆ. ಪಾಠ ಚೆನ್ನಾಗಿ ಮಾಡುತ್ತಾಳೆ, ಮಕ್ಕಳು ಮಿಸ್ ಮಿಸ್ ಎಂದು ಹಿಂದೆಯೇ ಓಡಾಡುತ್ತಾರೆ. ಬೆಳಿಗ್ಗೆ ಗೇಟಿನಲ್ಲಿ ನನಗೆ ನಮಸ್ತೇ ಹೇಳುವುದನ್ನು ಒಂದು ದಿನವೂ ತಪ್ಪಿಸಿಲ್ಲ. ಕ್ಷಮಿಸಿದ್ದಾಳೆ ಎಂದು ಸ್ಟಾಫ್ ರೂಮಿನವರು ಹೇಳುತ್ತಾರೆ. ಇರಬಹುದು. ಆದರೆ ನಮ್ಮ ಕಡೆಯ ಪದ್ಧತಿ ಏನಾದರೂ ತಿಳಿಯದಿದ್ದರೆ ನನ್ನನ್ನು ದಾಟಿಕೊಂಡು ಹೋಗಿ, ಆ ಬಾಯಿ ಜೋರಿನ ಹುಡುಗಿಯನ್ನೇ ಕೇಳುತ್ತಾಳೆ.