ಎಂಟೂಕಾಲು ಬಸ್ಸಿನ ವಾದವಿವಾದ

ಬಸ್ಸಿನಲ್ಲಿ ಕುಳಿತು ನಾನು ಫೋನಿನಲ್ಲಿ ಒಂದು ವಾಕ್ಯವನ್ನು ಒತ್ತಿ ಕಳಿಸಿದರೆ, ಮರುಕ್ಷಣವೇ ಎರಡು ಸೀಟು ಹಿಂದೆ ಟಿಂಗ್ ಎಂಬ ಸದ್ದಾಗುತ್ತದೆ. ನನ್ನ ಮಾತು ಗುಂಡ್ಲುಪೇಟೆಯ ಮೊಬೈಲ್ ಗೋಪುರವೊಂದನ್ನು ಹತ್ತಿ, ಯಾವುದೋ ಸಮುದ್ರವನ್ನು ದಾಟಿ, ನಾನು ಕಂಡರಿಯದ ಊರಿನ ತಂಪು ಕೋಣೆಯೊಂದರಲ್ಲಿ ಕ್ಷಣಮಾತ್ರ ವಿಶ್ರಮಿಸಿ, ಮತ್ತೆ ಸಮುದ್ರ ದಾಟಿ ಬಂದು ಮಲ್ಲೇಶಪ್ಪನವರ ಅಂಗಿಯ ಜೇಬಿಗೆ ಇಳಿದಿರುತ್ತದೆ. ತಿರುಗಿ ನೋಡಿ ಹೇಳಿದ್ದರೆ ಇಷ್ಟು ಪ್ರಯಾಣದ ಅಗತ್ಯವಿರಲಿಲ್ಲ. ಆದರೆ ತಿರುಗಿ ನೋಡಿ ಹೇಳುವಂಥ ಮಾತನ್ನು ನಾವು ಯಾರೂ ಗ್ರೂಪಿನಲ್ಲಿ ಬರೆಯುವುದಿಲ್ಲ.

ಗ್ರೂಪಿನ ಹೆಸರು 'ಎಂಟೂಕಾಲು ಬಸ್ಸು'. ಗುಂಡ್ಲುಪೇಟೆಯಿಂದ ಬೆಳಿಗ್ಗೆ ಎಂಟೂಕಾಲಿಗೆ ಹೊರಟು ಚಾಮರಾಜನಗರ ತಲುಪುವ ಬಸ್ಸಿನ ನಿತ್ಯ ಪ್ರಯಾಣಿಕರು ಸೇರಿ ಮಾಡಿಕೊಂಡದ್ದು. ಬಸ್ಸು ಹೊರಟಿತೆ, ಕೆಟ್ಟಿತೆ, ದಾರಿಯ ಊರಿನವರಿಗೆ ಸೀಟು ಹಿಡಿಯಬೇಕೆ ಎಂಬುದಷ್ಟೇ ಅದರ ಮೂಲ ಉದ್ದೇಶ. ಈಗ ಅಲ್ಲಿ ಮತಯಂತ್ರವನ್ನು ನಂಬಬೇಕೆ, ಕಂಡಕ್ಟರ್ ಕೆಲಸವನ್ನು ಕೃತಕ ಬುದ್ಧಿಮತ್ತೆ ಕಸಿದುಕೊಳ್ಳುವುದೆ, ಕಾಡಿನ ರಸ್ತೆಯನ್ನು ರಾತ್ರಿ ಮುಚ್ಚುವುದು ಆನೆಗೆ ಮಾಡುವ ಉಪಕಾರವೋ ಮನುಷ್ಯನಿಗೆ ಮಾಡುವ ಅಪಕಾರವೋ, ಚೆಂಡುಹೂವಿನ ಹೊಲದಲ್ಲಿ ಫೋಟೊ ತೆಗೆಸಿಕೊಳ್ಳಲು ಇಳಿಯುವ ಕೇರಳದ ಪ್ರವಾಸಿಗರ ಮುಂದೆ ಹೊಲದವನು ಕ್ಯೂಆರ್ ಕೋಡ್ ನೇತುಹಾಕುವುದು ಉದ್ಯಮಶೀಲತೆಯೋ ದುರಾಸೆಯೋ ಎಂಬ ಘನ ವಿಷಯಗಳು ನಿರ್ಣಯವಾಗುತ್ತಿರುತ್ತವೆ; ಅಂದರೆ ಆಗದೆ ಉಳಿಯುತ್ತವೆ. ಇವುಗಳ ನಡುವೆ ಯಾರೋ 'ಬಸ್ ಬಂತಾ?' ಎಂದು ಕೇಳಿದರೆ, ಧ್ಯಾನಭಂಗವಾದ ಋಷಿಗಳಂತೆ ನಾವು ಅದನ್ನು ಉಪೇಕ್ಷಿಸುತ್ತೇವೆ.

ಬಸ್ಸು ಹತ್ತಿದ ಮೇಲೆ ಗ್ರೂಪಿನ ಜಗಳವನ್ನು ಬಾಯಿಂದ ಆಡಬಾರದು ಎಂಬುದು ಯಾರೂ ಬರೆಯದ, ಎಲ್ಲರೂ ಪಾಲಿಸುವ ನಿಯಮ. ಬಾಯಿಗೆ ಅರಿಶಿನದ ಬೆಲೆ, ಮಳೆ, ಮದುವೆಯ ಊಟ; ಬೆರಳಿಗೆ ರಾಜಕೀಯ. ಬೆರಳಿನಿಂದ ನನ್ನನ್ನು 'ಓದಿ ಕೆಟ್ಟವರು' ಎಂದು ಕರೆದ ಮಲ್ಲೇಶಪ್ಪನವರು ಅದೇ ನಿಮಿಷ ಬಾಯಿಂದ "ಮೇಡಮ್ಮೋರೆ, ಕಿಟ್ಕಿ ಹಾಕ್ಕಳಿ, ಗಾಳಿ ಹೊಡಿತದೆ" ಎನ್ನುತ್ತಾರೆ. ಎರಡೂ ಅವರೇ.

ಮಲ್ಲೇಶಪ್ಪನವರಿಗೆ ಚಾಮರಾಜನಗರದಲ್ಲಿ ಬಿತ್ತನೆ ಬೀಜದ ಅಂಗಡಿ. ನಾನು ಅಲ್ಲಿಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಅವರು ಮೆಚ್ಚುವ ಪಕ್ಷವನ್ನು ನಾನು ಮೆಚ್ಚುವುದಿಲ್ಲ. ನಾನು ಮೆಚ್ಚುವುದು ಯಾವುದೆಂದು ಅವರು ನನಗಿಂತ ಸ್ಪಷ್ಟವಾಗಿ ಬಲ್ಲರು. ವಾದದಲ್ಲಿ ನಾನೇ ಗೆಲ್ಲುವುದು ಎಂದು ನನ್ನ ದಿನಚರಿ ಹೇಳುತ್ತದೆ. ದಿನಚರಿಯನ್ನು ಬರೆಯುವವಳೂ ನಾನೇ ಆದ್ದರಿಂದ ಆ ಸಾಕ್ಷ್ಯವನ್ನು ನಾನು ಪೂರ್ತಿ ನಂಬುವುದಿಲ್ಲ. 'ಯಂತ್ರ ಟಿಕೆಟ್ ಹರಿಯಬಹುದು, ಆದರೆ ಕಂಡಕ್ಟರನಂತೆ ಚಿಲ್ಲರೆ ಇಲ್ಲವೆಂದು ನಮ್ಮ ಅಪ್ಪನ ಕಾಲದ ಸಿಟ್ಟನ್ನೆಲ್ಲ ನಮ್ಮ ಮೇಲೆ ತೀರಿಸಿಕೊಳ್ಳಬಲ್ಲದೆ?' ಎಂಬ ನನ್ನ ಮಾತೊಂದನ್ನು ಸ್ಟಾಫ್ ರೂಮಿನಲ್ಲಿ ಬಹಳ ಕಾಲ ಹೇಳಿಕೊಂಡು ತಿರುಗಿದೆ. ಒಮ್ಮೆ ಗ್ರೂಪಿನ ಹಳೆಯ ಸಂದೇಶಗಳನ್ನು ಹಿಂದಕ್ಕೆ ಸರಿಸುತ್ತ ಹೋದಾಗ ತಿಳಿಯಿತು: ಅದು ಮಲ್ಲೇಶಪ್ಪನವರ ಮಾತು, ನನಗೆ ವಿರುದ್ಧವಾಗಿ ಹೇಳಿದ್ದು. ಅದರ ಕೆಳಗೆ ನನ್ನ ಕೊಡುಗೆ 'ಹಾಗಲ್ಲ' ಎಂಬ ಒಂದೇ ಪದ.

ಇನ್ನು ಹೇಳಬೇಕಾದ್ದು ಆ ಶನಿವಾರದ ವಿಷಯ. ಹೆಂಗಸರಿಗೆ ಬಸ್ಸಿನಲ್ಲಿ ಉಚಿತ ಪ್ರಯಾಣ ಬಂದಂದಿನಿಂದ ನಮ್ಮ ಗ್ರೂಪಿನ ಒಲೆ ಆರಿದ್ದೇ ಇಲ್ಲ. ಅದರ ಪರವಾಗಿ ನಾನು, ವಿರುದ್ಧವಾಗಿ ಮಲ್ಲೇಶಪ್ಪನವರು. ಆ ಸಂಜೆ ಅವರು ತಮ್ಮ ಫೋನಿನ ಕೃತಕ ಬುದ್ಧಿಗೆ ಹೇಳಿ ಒಂದು ಆದೇಶಪತ್ರವನ್ನು ತಯಾರಿಸಿ ಹಾಕಿದರು. ಬಸ್ ನಿಲ್ದಾಣದ ಗೋಡೆಯ ಸೂಚನೆಗಳಂತೆಯೇ ಇತ್ತು: ಮೇಲೆ ದಪ್ಪಕ್ಷರದ ತಲೆಬರಹ, ಕೆಳಗೆ ದುಂಡನೆಯ ಮೊಹರು, ಯಾರದೆಂದು ತಿಳಿಯದ ಒಂದು ಸಹಿ. 'ಸೋಮವಾರದಿಂದ ಸೊನ್ನೆ ಟಿಕೆಟ್ಟಿನ ಪ್ರಯಾಣಿಕರು ನಿಂತೇ ಪ್ರಯಾಣಿಸತಕ್ಕದ್ದು. ಆಸನಗಳು ಹಣ ಕೊಟ್ಟವರಿಗೆ ಮಾತ್ರ.' ಗ್ರೂಪು ನಗುವ ಮುಖಗಳಿಂದ ತುಂಬಿಹೋಯಿತು. ನಾನು ನಗಲಿಲ್ಲ, ಅದಕ್ಕಿಂತ ಘೋರವಾದದ್ದನ್ನು ಮಾಡಿದೆ. ಇಂಥ ನಿಯಮ ಏಕೆ ಅನ್ಯಾಯವೆಂದು ಮೂರು ಭಾಗಗಳಲ್ಲಿ ಉತ್ತರ ಬರೆದೆ. ದುಡಿಮೆ, ಮಾರುಕಟ್ಟೆ, ಸಂವಿಧಾನ, ಯಾವುದನ್ನೂ ಬಿಡಲಿಲ್ಲ. ಬರೆದು ಮುಗಿಸಿ, ಗೆದ್ದ ನೆಮ್ಮದಿಯಲ್ಲಿ ಭಾನುವಾರವನ್ನು ಕಳೆದೆ.

ಸೋಮವಾರ ತೆರಕಣಾಂಬಿಯಲ್ಲಿ ರಾಜಮ್ಮ ಹತ್ತಿದರು. ಚಾಮರಾಜನಗರದ ಬಸ್ ನಿಲ್ದಾಣದ ಹತ್ತಿರ ಅವರದೊಂದು ಚಿಕ್ಕ ಬ್ಲೌಸ್ ಹೊಲಿಯುವ ಅಂಗಡಿ. ನನಗಿಂತ ಹಿರಿಯರು, ಮಂಡಿನೋವಿನವರು. ಗ್ರೂಪಿನಲ್ಲಿ ಆ 'ಬಸ್ ಬಂತಾ?' ಎಂಬ ಪ್ರಶ್ನೆ ಸಾಮಾನ್ಯವಾಗಿ ಅವರದೇ. ಬೇರೇನನ್ನೂ ಅವರು ಬರೆಯುವುದಿಲ್ಲ. ಅವರಿಗಾಗಿ ಪಕ್ಕದ ಸೀಟಿನಲ್ಲಿ ಇಟ್ಟಿದ್ದ ಬ್ಯಾಗನ್ನು ಎಂದಿನಂತೆ ಎತ್ತಿಕೊಂಡೆ. ಅವರು ಕೂರಲಿಲ್ಲ. ಕಂಬ ಹಿಡಿದು ನಿಂತರು.

"ಕೂತ್ಕಳಿ, ರಾಜಮ್ಮೋರೆ."

"ಇರ್ಲಿ ಬುಡಮ್ಮಿ. ಇವತ್ತಿಂದ ನಿಂತ್ಕಂಡೇ ಬರ್ಬೇಕಲ್ಲ."

"ಯಾಕೆ?"

"ಓದ್ದೋಳು ನೀನು, ನನ್ನ ಕೇಳ್ತೀಯಲ್ಲ. ಆರ್ಡರ್ ಬಂದದೆ, ಗ್ರೂಪಲ್ಲಿ ಹಾಕವ್ರೆ. ಯಾರಾರ ಬಂದು ಎದ್ದೇಳು ಅನ್ನಕ್ಕೆ ಮುಂಚೆ ನಾವಾಗೇ ನಿಂತ್ಕಂಡ್ರೆ ಮರ್ವಾದೆ ಉಳಿತದೆ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಗ್ರೂಪು ನಮಗೆ ಅಖಾಡ, ಅವರಿಗೆ ಬಸ್ಸಿನ ಸಮಾಚಾರ ಬರುವ ಜಾಗ. ಅಲ್ಲಿ ಬಂದದ್ದು ಬಸ್ಸಿನ ಸುದ್ದಿಯಲ್ಲದೆ ಇನ್ನೇನಾದೀತು?

"ಅದು ಸುಳ್ಳು ರಾಜಮ್ಮೋರೆ, ತಮಾಷೆ," ಎಂದೆ.

"ಸುಳ್ಳಾ? ಸುಳ್ಳಾಗಿದ್ರೆ ನೀನು ಅಷ್ಟುದ್ದ ಯಾಕಮ್ಮಿ ಬರ್ದಿದ್ದೆ? ನಾನು ಮೊದ್ಲು ನಂಬಿರ್ಲಿಲ್ಲ. ನೀನು ಬರ್ದಿದ್ದು ನೋಡಿ, ಇಷ್ಟು ಓದ್ದೋಳೇ ಬೇಜಾರು ಮಾಡ್ಕಂಡವ್ಳೆ ಅಂದ್ಮ್ಯಾಕೆ ಇದು ದಿಟವೇ ಅಂದ್ಕಂಡೆ."

ನನ್ನ ಮೂರು ಭಾಗಗಳೂ ಒಮ್ಮೆಗೇ ನನ್ನ ಮೇಲೆ ಬಿದ್ದವು. ಹಾಸ್ಯಕ್ಕೆ ಮೊಹರು ಒತ್ತಿದ್ದು ಮಲ್ಲೇಶಪ್ಪನವರ ಫೋನು. ಅದು ಸತ್ಯವೆಂದು ದೃಢೀಕರಿಸಿದ್ದು ನನ್ನ ಗಾಂಭೀರ್ಯ.

"ಈ ತಿಂಗ್ಳು ಹೆಂಗೋ ಬತ್ತೀನಿ," ಎಂದು ರಾಜಮ್ಮ ಮುಂದುವರಿಸಿದರು. "ಆಮ್ಯಾಕೆ ಅಂಗ್ಡಿ ಬುಟ್ಬುಡ್ತೀನಿ. ಓನರ್ಗೆ ನಿನ್ನೆನೇ ಫೋನ್ ಮಾಡಿ ಯೋಳಿವ್ನಿ. ಈ ಮಂಡಿ ಇಟ್ಕಂಡು ದಿನಾ ಅಲ್ಲಿಗಂಟ ನಿಂತ್ಕಂಡ್ ಓಗಕಾದದ? ದುಡ್ ಕೊಟ್ ಕೂತ್ಕಂಡ್ರೆ ಹೊಲ್ದಿದ್ದೆಲ್ಲ ಬಸ್ಸಿಗೇ ಸರಿಯೋಯ್ತದೆ."

ಗಂಡ ತೀರಿಕೊಂಡ ಮೇಲೆ ಬಾಡಿಗೆ ಮಳಿಗೆಯಲ್ಲಿ ಅವರೇ ಕಟ್ಟಿ ಬೆಳೆಸಿದ ಅಂಗಡಿ ಅದು. ಬಸ್ಸಿನಲ್ಲಿ ಬೆರಳುಗಳೆಲ್ಲ ನಿಂತವು. ಹಿಂದಿನಿಂದ ಮಲ್ಲೇಶಪ್ಪನವರು ಸೀಟಿನ ಹಿಡಿಗಳನ್ನು ಒಂದೊಂದಾಗಿ ಹಿಡಿಯುತ್ತ ಮುಂದೆ ಬಂದರು.

"ಅಕ್ಕಾ, ಅದು ಆರ್ಡರ್ ಅಲ್ಲ ಕಣಕ್ಕ. ನಾನೇ ಮಾಡಿದ್ದು. ತಮಾಸೆಗೆ."

"ಮೊಹರಿತ್ತಲ್ಲಪ್ಪ."

"ಮೊಹರ್ನೂ ಫೋನೇ ಒತ್ಬುಡ್ತದೆ ಕಣಕ್ಕ ಈಗ."

"ಸರಿ. ನಗು ಎಲ್ಲಿ ಬತ್ತದೆ ಅದ್ರಲ್ಲಿ? ಅದೊಸಿ ತೋರ್ಸು."

ಮಲ್ಲೇಶಪ್ಪನವರು ಪ್ರಯತ್ನಪಟ್ಟರು. ಮಂಡಿ ನೋಯುತ್ತ ನಿಂತವರ ಮುಂದೆ, ಅವರು ನಿಂತಿರುವುದು ಏಕೆ ತಮಾಷೆ ಎಂದು ವಿವರಿಸುವುದು ಎಷ್ಟು ಕಷ್ಟವೆಂಬುದನ್ನು ನಾನು ಅವರ ಮುಖದಲ್ಲಿ ಓದಿದೆ. "ಅಂದ್ರೆ ಈಗ ಫ್ರೀ ಅಂತ ಮಾಡವ್ರಲ್ಲ... ಅದ್ಕೆ ನಾವು ಏನಂತೀವಿ ಅಂದ್ರೆ..." ಎಂದು ಆರಂಭವಾದ ವಾಕ್ಯಕ್ಕೆ ಕ್ರಿಯಾಪದವೇ ದೊರೆಯಲಿಲ್ಲ.

"ನಾನು ಫ್ರೀಯಾಗಿ ಬತ್ತೀನಿ, ದಿಟ," ಎಂದರು ರಾಜಮ್ಮ. "ನಿನ್ನ ಹೆಂಡ್ರು ಬ್ಲೌಸ್ನ ಫ್ರೀಯಾಗಿ ಹೊಲಿಸ್ಕಂಡಿಲ್ಲ, ಅದೂ ದಿಟ. ಅಂಗಂತ ನಾನೇನು ಆರ್ಡರ್ ಹಾಕಿದ್ನಾ?"

"ತೆಪ್ಪಾಯ್ತು. ಕೂತ್ಕಳಕ್ಕ."

"ತೆಪ್ಪಾಯ್ತು ಅನ್ನದ ನನ್ನ ತಾವಲ್ಲ, ಓನರ್ ತಾವ್ ಬಂದ್ ಯೋಳು. ಅದಾದ್ಮ್ಯಾಕೆ ಕೂತ್ಕತೀನಿ."

ಕೂರಲಿಲ್ಲ. ಅವರು ನಿಂತಿರುವಾಗ ಮಲ್ಲೇಶಪ್ಪನವರು ಹಿಂದಕ್ಕೆ ಹೋಗಿ ಕೂರುವಂತಿರಲಿಲ್ಲ. ನನಗೂ ಸೀಟು ಚುಚ್ಚತೊಡಗಿ ಎದ್ದು ನಿಂತೆ. ಕಂಡಕ್ಟರ್ ಬಂದು, "ಮೂರ್ ಸೀಟ್ ಖಾಲಿ ಅವೆ, ಏನ್ ದೇವ್ರು ಕೂತ್ಕಂಡದಾ?" ಎಂದ. ಅವನು ಗ್ರೂಪಿನಲ್ಲಿರಲಿಲ್ಲ, ಪುಣ್ಯವಂತ.

ಆ ಮಳಿಗೆಯ ಮಾಲೀಕರು ಬಸವರಾಜಪ್ಪ. ನಾವು ಮೂವರೂ ಹೋಗಿ ನಿಂತಾಗ ಅವರು ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸುತ್ತ ನಿರಾಳವಾಗಿದ್ದರು. ರಾಜಮ್ಮನ ಜಾಗವನ್ನು ಫೋನಿನ ಕವರ್ ಮಾರುವವನೊಬ್ಬನಿಗೆ ಕೊಡುವುದಾಗಿ ಆಗಲೇ ಮಾತು ಕೊಟ್ಟಾಗಿತ್ತು.

"ಅದು ಸುಳ್ಳು ಆರ್ಡರ್ರು, ಸ್ವಾಮಿ," ಎಂದರು ಮಲ್ಲೇಶಪ್ಪ.

"ಸುಳ್ಯಾಕಾದದು? ನನ್ನ ಫೋನ್ಗೂ ಬಂದದೆ. ನಮ್ಮ ಬಾಮೈದ ಕಳಿಸವ್ನೆ."

"ನಾನೇ ಮಾಡಿದ್ದು."

ಬಸವರಾಜಪ್ಪ ಅವರನ್ನು ಮೇಲಿಂದ ಕೆಳಗೆ ನೋಡಿದರು. "ನೀವು ಬಿತ್ನೆ ಬೀಜ ಮಾರೋರು ಕಣ್ರೀ. ಗೌರ್ಮೆಂಟ್ ಆರ್ಡರ್ ಮಾಡಕ್ಕಾದದ ನಿಮ್ಮ ಕೈಲಿ?"

ತನ್ನ ಅಪರಾಧವನ್ನು ತಾನೇ ರುಜುವಾತುಪಡಿಸಬೇಕಾದ ಆಪಾದಿತನನ್ನು ನಾನು ಕಂಡದ್ದು ಅದೇ ಮೊದಲು. ಮಲ್ಲೇಶಪ್ಪನವರು ಫೋನ್ ತೆಗೆದು ಅಲ್ಲೇ ಇನ್ನೊಂದನ್ನು ಮಾಡಿದರು. ಅದೇ ದಪ್ಪಕ್ಷರ, ಅದೇ ಮೊಹರು: 'ಕಟ್ಟಡದ ಮಾಲೀಕರಾದ ಬಸವರಾಜಪ್ಪನವರು ಪ್ರತಿದಿನ ಬೆಳಿಗ್ಗೆ ಬಾಡಿಗೆದಾರರಿಗೆ ಕಾಫಿ ಒದಗಿಸತಕ್ಕದ್ದು.' ಬಸವರಾಜಪ್ಪ ಅದನ್ನು ಓದಿದರು, ಮತ್ತೆ ಓದಿದರು. ಮುಖದಲ್ಲಿ ಮೊದಲು ಬಂದದ್ದು ನಗುವಲ್ಲ, ಭಯ. ನಗು ತಡವಾಗಿ ಬಂತು.

"ಅಯ್ಯೋ ನಿಮ್ಮ! ಆದ್ರೂ ಆ ಕವರ್ನವನ್ಗೆ ಮಾತು ಕೊಟ್ಬುಟ್ಟಿವ್ನಲ್ಲ. ಮಾತು ಮಾತೇ ಅಲ್ವ್ರಾ?"

ರಾಜಮ್ಮ ಬಾಗಿಲು ತೆರೆದು ಒಳಗೆ ಹೋಗಿ ಹೊಲಿಗೆ ಯಂತ್ರದ ಮೇಲಿನ ಬಟ್ಟೆಯನ್ನು ಮಡಿಸಿ ಇಟ್ಟು, ಸ್ಟೂಲಿನ ಮೇಲೆ ಕುಳಿತರು. ಆ ಬೆಳಿಗ್ಗೆ ಅವರು ಮೊದಲ ಸಲ ಕೂತದ್ದು. ಅದನ್ನು ಮಲ್ಲೇಶಪ್ಪನವರೂ ನೋಡಿದರು. "ಆ ಕವರ್ನವನ್ನ ನನ್ನ ಅಂಗ್ಡಿ ಜಗ್ಲಿಗೆ ಕಳ್ಸಿ. ಅರ್ಧ ಅವ್ನಿಗೆ ಬುಟ್ಕೊಡ್ತೀನಿ. ರಸ್ತೆ ಕಡೆ ಭಾಗವೇ ತಕಳ್ಲಿ," ಎಂದರು. ಬೀಜದ ಚೀಲಗಳನ್ನು ಜೋಡಿಸಿ ರೈತರನ್ನು ಕೂರಿಸಿಕೊಂಡು ಮಾತಾಡುವ ಆ ಜಗಲಿ ಅವರಿಗೆ ಎಷ್ಟು ಮುಖ್ಯವೆಂದು ಊರಿಗೇ ಗೊತ್ತು. ಬಸವರಾಜಪ್ಪ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡರು. "ಅಂಗಾದ್ರೆ ಸರಿ ಬುಡಿ," ಎಂದರು.

ಇದರಿಂದ ನಾನು ಕಲಿತದ್ದೇನು ಎಂದು ನೀವು ಕೇಳಬಹುದು. ನನಗೂ ಕೇಳಿಕೊಳ್ಳುವ ಚಟವಿದೆ. ಮುಖ ಕಾಣದವರ ಜೊತೆ ಜಗಳವಾಡುವುದರಿಂದ ಜಾಲತಾಣಗಳು ಕೆಟ್ಟಿವೆ ಎಂದು ತಿಳಿದವರು ಹೇಳುತ್ತಾರೆ. ನಾವು ದಿನಾ ಒಬ್ಬರ ಮುಖವನ್ನೊಬ್ಬರು ನೋಡುವವರೇ. ನಾವು ಮರೆತದ್ದು ಬರೆಯದವರ ಮುಖವನ್ನು. ಮಲ್ಲೇಶಪ್ಪನವರ ಗುರಿ ನಾನಾಗಿದ್ದೆ, ನನ್ನದು ಅವರು. ನಡುವೆ ಒಬ್ಬರು ಬಸ್ಸಿಗಾಗಿ ಕಾಯುತ್ತ ನಿಂತಿದ್ದರು. ಹಾಗೆಂದು ಹಾಸ್ಯವೇ ಬೇಡ, ವಾದವೇ ಬೇಡ ಎನ್ನುವ ಪಂಗಡಕ್ಕೆ ನಾನು ಸೇರಲಾರೆ. ಗ್ರೂಪನ್ನು ಮುಚ್ಚಬೇಕೆಂದು ಕೆಲವರು ಅಂದಾಗ ಗಟ್ಟಿಯಾಗಿ ಬೇಡವೆಂದವಳು ನಾನು, ನನಗಿಂತ ಗಟ್ಟಿಯಾಗಿ ಮಲ್ಲೇಶಪ್ಪ. ಆ ಒಂದು ವಿಷಯದಲ್ಲಿ ನಾವು ಒಂದೇ ಪಕ್ಷ. ಉಚಿತ ಪ್ರಯಾಣದ ಬಗ್ಗೆ ಅವರ ಅಭಿಪ್ರಾಯ ಬದಲಾಗಿಲ್ಲ, ನನ್ನದೂ ಇಲ್ಲ.

ಬದಲಾದದ್ದು ಬೇರೆ. ರಾಜಮ್ಮ ಒಂದು ಕಾನೂನು ತಂದಿದ್ದಾರೆ, ಮೊಹರಿಲ್ಲದ್ದು. "ತಮಾಸೆ ಮಾಡದಿದ್ರೆ ಮೊದ್ಲು ಬಸ್ಸಲ್ಲಿ ಬಾಯ್ಬುಟ್ಟು ಯೋಳಿ. ನಾನು ನಕ್ರೆ ಗ್ರೂಪಿಗೆ ಹಾಕಿ." ಮಲ್ಲೇಶಪ್ಪನವರ ಹಲವು ಕೃತಿಗಳು ಚಾಮರಾಜನಗರ ತಲುಪುವುದರೊಳಗೆ ತಿರಸ್ಕೃತವಾಗಿವೆ. "ಇದು ಬ್ಯಾಡ ಕಣಪ್ಪ, ಓದುದ್ರೆ ಹುಡ್ಗೀರ್ಗೆ ಬೇಜಾರಾದದು" ಎಂಬ ವಿಮರ್ಶೆಗೆ ಅವರು ಮರುಮಾತಾಡುವುದಿಲ್ಲ, ತಿದ್ದುತ್ತಾರೆ. ತಿದ್ದಿದ್ದು ಮೊದಲಿಗಿಂತ ಚೆನ್ನಾಗಿರುತ್ತದೆ ಎಂದು ಒಪ್ಪಿಕೊಳ್ಳಲು ನನಗೆ ಹೊಟ್ಟೆಕಿಚ್ಚಾಗುತ್ತದೆ.

ಮೊನ್ನೆ ನನ್ನ ಸರದಿ. ಮತಯಂತ್ರದ ಬಗ್ಗೆ ಮಲ್ಲೇಶಪ್ಪನವರನ್ನು ಕುರಿತು ಒಂದು ಕಟಕಿಯನ್ನು ಮನೆಯಲ್ಲೇ ಸಾಣೆ ಹಿಡಿದು ತಂದಿದ್ದೆ. ರಾಜಮ್ಮ ಪಕ್ಕದಲ್ಲಿ ಕೂತು ಕಿವಿಗೊಟ್ಟರು. ಮಲ್ಲೇಶಪ್ಪನವರು ಎದ್ದು ಬಂದು ಕಂಬ ಹಿಡಿದು ನಿಂತರು. ಹೇಳಲು ಬಾಯಿ ತೆರೆದೆ. ಒಂದು ಪದದ ಹತ್ತಿರ ಬಂದಾಗ ಅವರ ಮುಖ ಕಂಡಿತು: ನಗಲು ಆಗಲೇ ಸಿದ್ಧವಾಗಿ, ನನ್ನನ್ನು ನಂಬಿಕೊಂಡು ನಿಂತಿದ್ದ ಮುಖ. ಆ ಪದವನ್ನು ನುಂಗಿದೆ, ವಾಕ್ಯವನ್ನು ಮುಗಿಸಿದೆ. ಮೊದಲು ನಕ್ಕವರು ಅವರೇ. ಆಮೇಲೆ ರಾಜಮ್ಮ, ಹಿಂದಿನ ಸೀಟಿನವರು. ಆ ನಗುವಿನಲ್ಲಿ ಅದನ್ನು ಗ್ರೂಪಿಗೆ ಹಾಕಬೇಕೆಂಬುದೇ ನನಗೆ ಮರೆತುಹೋಯಿತು. ನುಂಗಿದ ಪದವಿದ್ದರೆ ಹಾಸ್ಯ ಇನ್ನೂ ಹರಿತವಾಗಿರುತ್ತಿತ್ತೋ ಏನೋ, ನನ್ನ ನೆನಪು ಆಗಲೇ ನನ್ನ ಪರವಾಗಿ ವಾದಿಸತೊಡಗಿದೆ. ಆದರೆ ಅದು ಯಾವ ಪದವೆಂದು ದಿನಚರಿಯಲ್ಲಿ ಬರೆದಿಲ್ಲ, ನಿಮಗೂ ಹೇಳುವುದಿಲ್ಲ.