ರೇಡಿಯೋ ಮುಳ್ಳಿನ ದಾರ

ಹುಮನಾಬಾದಿನಲ್ಲಿ ಹಳೆಯ ರೇಡಿಯೋ ಕೆಟ್ಟರೆ ಜನ ಮಚ್ಚೇಂದ್ರನ ಹೆಸರು ಹೇಳುತ್ತಾರೆ. ವಾಲ್ವಿನ ರೇಡಿಯೋ, ರೆಕಾರ್ಡ್ ಪ್ಲೇಯರ್, ಗುಜರಿಗೆ ಹಾಕಿರಿ ಎಂದು ಬೇರೆ ರಿಪೇರಿಯವರು ವಾಪಸು ಕಳಿಸಿದ ಪೆಟ್ಟಿಗೆಗಳೆಲ್ಲ ಅವನ ಅಂಗಡಿಗೆ ಬರುತ್ತವೆ. ಆದರೆ ಅವನು ಅಲ್ಲಿ ಒಂದನ್ನೂ ಬಿಚ್ಚುವುದಿಲ್ಲ.

"ಇಲ್ಲಿ ಧೂಳ ಭಾಳ ಅದರಿ. ನಾಜೂಕ ಕೆಲಸ ಮನ್ಯಾಗ ಕುಂತು ಮಾಡ್ತೀನಿ" ಎನ್ನುತ್ತಾನೆ.

ಧೂಳು ಇರುವುದು ನಿಜ. ಮನೆಯಲ್ಲಿ ಆ ಕೆಲಸ ಮಾಡುವವಳು ಹೆಂಡತಿ ದ್ರೌಪತಿ ಎಂಬುದನ್ನು ಮಾತ್ರ ಹದಿನಾಲ್ಕು ವರ್ಷಗಳಿಂದ ಯಾರಿಗೂ ಹೇಳಿಲ್ಲ.

ಮೊದಲು ಅವನೇ ಮಾಡುತ್ತಿದ್ದ, ಅವಳು ಟಾರ್ಚು ಹಿಡಿಯುತ್ತಿದ್ದಳು. ಟಾರ್ಚು ಹಿಡಿದವಳಿಗೆ ಎಲ್ಲವೂ ಕಾಣುತ್ತದೆ. ಅವನ ಕಣ್ಣು ಮಂಜಾಗಿ ಬೆರಳು ನಡುಗತೊಡಗಿದಾಗ, "ಸರೀರಿ ಅತ್ಲಾಗ" ಎಂದು ಅವಳೇ ಕೂತಳು. ಅಂದಿನಿಂದ ರೊಟ್ಟಿ ಬಡಿದು, ಭಾಂಡೆ ತಿಕ್ಕಿ, ಓಣಿಯ ಹೆಂಗಸರು ಮೈ ಚಾಚುವ ಹೊತ್ತಿಗೆ ದ್ರೌಪತಿ ಒಂದು ಪೆಟ್ಟಿಗೆ ಬಿಚ್ಚುತ್ತಾಳೆ. ತಂತಿ ಬೆಸೆಯುವ ಸೋಲ್ಡರ್ ಅವಳದು. ಸ್ಪೀಕರಿನ ಹರಿದ ಕಾಗದಕ್ಕೆ ತೇಪೆ ಅವಳದು. ಗುಂಡಿ ತಿರುವಿದರೆ ಸ್ಟೇಷನ್ ತೋರಿಸುವ ಮುಳ್ಳು ಸರಿಯುವಂತೆ ಒಳಗಿನ ಗಾಲಿಗಳಿಗೆ ದಾರ ಸುತ್ತುವುದೂ ಅವಳೇ. "ಗಿರಾಕಿಗೆ ಗೊತ್ತಾದ್ರ ನಂಬಂಗಿಲ್ಲ" ಎಂದು ಅವನು ಒಮ್ಮೆ ಹೇಳಿದ್ದ. ಅವಳು ತಲೆ ಎತ್ತದೆ ಸೋಲ್ಡರ್ ಹಾಕುತ್ತಲೇ ಇದ್ದಳು. ಅದನ್ನೇ ಅವನು ಒಪ್ಪಿಗೆ ಎಂದುಕೊಂಡ.

ಈ ಚಳಿಗಾಲ ಬಸವಕಲ್ಯಾಣದ ಇಶ್ರತ್ ಟೀಚರ್ ತಮ್ಮ ತಾಯಿಯ ರೇಡಿಯೋ ಕೊಟ್ಟಿದ್ದರು. ಅದು ಸರಿಯಾದ ಮೇಲೆ ಮುಟ್ಟಿಸಲು ಗಂಡಹೆಂಡತಿ ಇಬ್ಬರೂ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ರೇಡಿಯೋ ಇದ್ದದ್ದು ದ್ರೌಪತಿಯ ತೊಡೆಯ ಮೇಲೆ.

ಟೀಚರ್ ಮನೆಯಲ್ಲಿ ನೆರೆಯ ಹೆಂಗಸರು ಆರೇಳು ಮಂದಿ ಕೂತಿದ್ದರು. ಮಚ್ಚೇಂದ್ರ ಹೆಂಡತಿಗೆ, "ಏ, ಒಳಗ ಹೋಗಿ ಚಾಕ್ಕ ಕೈ ಹಚ್ಚು" ಎಂದ. ಅವಳು ಹೋದಳು. ಅವನು ರೇಡಿಯೋ ಹಚ್ಚಿ ಗುಂಡಿ ತಿರುವಿದ. ಗೊರಗೊರ ಸದ್ದು ಬಂತು, ಮುಳ್ಳು ಕದಲಲಿಲ್ಲ. ಬಸ್ಸಿನ ಕುಲುಕಾಟಕ್ಕೆ ದಾರ ಜಾರಿತ್ತು.

ಪ್ಲಗ್ ಕಿತ್ತು, ಹಿಂದಿನ ಹಲಗೆ ತೆಗೆದ. ದಾರ ಯಾವ ಗಾಲಿಯ ಮೇಲಿಂದ, ಯಾವುದರ ಕೆಳಗಿಂದ? ದೊಡ್ಡ ಗಾಲಿಗೆ ಎರಡು ಸುತ್ತೋ ಮೂರೋ? ಒಂದು ಕಾಲಕ್ಕೆ ಗೊತ್ತಿತ್ತು. ಸುತ್ತಿದ, ಜಾರಿತು. ಮತ್ತೆ ಸುತ್ತಿದ.

"ಯಾಕೋ ತಮ್ಮಾ, ಪೈಜಾಮದ ಲಾಡಿ ಅದೇನು, ಇಷ್ಟು ಹೆಣಗಾಡಾಕತ್ತಿ?" ಎಂದಳು ನೆರೆಯ ಮುದುಕಿ ಗಯಾಬಾಯಿ. ಎಲ್ಲರೂ ನಕ್ಕರು.

ಬೆವರು ಒರೆಸಿಕೊಂಡು ಒಳಗೆ ಕೂಗಿದ: "ಸ್ವಲ್ಪ ದಾರ ಹಿಡಿ ಬಾ."

ದ್ರೌಪತಿ ಸೆರಗಿಗೆ ಕೈ ಒರೆಸುತ್ತ ಬಂದಳು. ಹಿಡಿಯಲಿಲ್ಲ, ಅವನ ಕೈಯಿಂದ ತೆಗೆದುಕೊಂಡಳು. ಮೇಲೆ, ಕೆಳಗೆ, ಮೂರು ಸುತ್ತು, ಸ್ಪ್ರಿಂಗಿಗೆ ಗಂಟು. ಹಲಗೆ ಮುಚ್ಚಿ, ಪ್ಲಗ್ ಹಾಕಿ ಗುಂಡಿ ತಿರುವಿದಳು. ಮುಳ್ಳು ಸರಿಯಿತು, ಕಲಬುರಗಿ ಸ್ಟೇಷನ್ ಸ್ವಚ್ಛವಾಗಿ ಮಾತಾಡಿತು.

"ಯಾರ ಕಲಿಸಿದ್ರು ಭಾಭಿ?" ಟೀಚರ್ ಕೇಳಿದರು.

ಅವಳು ಬಾಯಿ ತೆರೆಯುವ ಮೊದಲೇ ಮಚ್ಚೇಂದ್ರ, "ನಾನೇರಿ" ಎಂದ.

"ಹೌದ್ರಿ" ಎಂದಳು ದ್ರೌಪತಿ. "ಚಾ ಸೋಸೋದೂ ಇವರೇ ಕಲಿಸ್ಯಾರ. ಅಯ್ಯ, ಉಕ್ಕಾಕತ್ತದ!" ಒಳಗೆ ಓಡಿದಳು.

ಹೆಂಗಸರ ನಗು ಇನ್ನೂ ನಿಂತಿರಲಿಲ್ಲ. ಟೀಚರ್ ಕಪಾಟಿನಿಂದ, ರಿಪೇರಿ ಮಾಡಿದವರಿಗೆಂದು ಇಟ್ಟಿದ್ದ ಒಂದು ಹೊಸ ಶಾಲು ತಂದರು. ಅದನ್ನು ಹಿಡಿದು ಒಮ್ಮೆ ಅಡುಗೆಮನೆಯ ಕಡೆ, ಒಮ್ಮೆ ಅವನ ಕಡೆ ನೋಡಿದರು. ಅವನ ಕುತ್ತಿಗೆ ತಾನಾಗಿ ಬಾಗಿತು. ಬಾಗಿದ್ದು ಅರಿವಾಗುವಷ್ಟರಲ್ಲಿ ಶಾಲು ಹೆಗಲ ಮೇಲಿತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಅವನು ಶಾಲು ತೆಗೆದು ಕೈಯಲ್ಲಿ ಹಿಡಿದ. "ಟೀಚರ್, ಇದು ಅಕೀದ್ರಿ. ದಾರ ಅಷ್ಟೇ ಅಲ್ಲ, ರಿಪೇರಿನೂ ಅಕೀದೇ. ಹದಿನಾಕ ವರ್ಷದಿಂದ. ನಾ ಬರೇ ಮಾತಾಡ್ತೀನಿ."

ಯಾರಿಗೂ ಆಶ್ಚರ್ಯವಾದಂತೆ ಕಾಣಲಿಲ್ಲ.

"ಅದು ಈಗ ಕಂಡದಲ್ಲಪ್ಪಾ" ಎಂದಳು ಗಯಾಬಾಯಿ. "ಹೋಗು, ಅಕಿಗಿ ಹೇಳು."

ಅಡುಗೆಮನೆಯಲ್ಲಿ ದ್ರೌಪತಿ ಉಕ್ಕಿದ ಚಹಾವನ್ನು ಒಲೆಯ ಸುತ್ತ ಒರೆಸುತ್ತಿದ್ದಳು. ಹೊರಗೆ ರೇಡಿಯೋ ಜೋರಾಗಿ ಮಾತಾಡುತ್ತಿತ್ತು, ಅವಳಿಗೆ ಏನೂ ಕೇಳಿಸಿರಲಿಲ್ಲ. ಅವನ ಕೈಯಲ್ಲಿನ ಶಾಲು ನೋಡಿದಳು.

"ನಿಮಗ ಹೊದಿಸಿದ್ರೇನು? ಛಲೋ ಆತು ಬಿಡ್ರಿ. ಅತ್ಲಾಗ ಇಡ್ರಿ, ಶಾಲಿಗಿ ಚಾ ಹತ್ತೀತು."

ಹೊರಗೆ ಆರೇಳು ಮಂದಿಗೆ ಹೇಳಿದ ಮಾತನ್ನು ಅವಳೊಬ್ಬಳಿಗೆ ಹೇಳಲು ಅವನಿಂದ ಆಗಲಿಲ್ಲ. ಶಾಲನ್ನು ಎಲ್ಲಿಡಬೇಕೆಂದೂ ತಿಳಿಯದೆ ಬಾಗಿಲಲ್ಲಿ ನಿಂತ. ಅವಳು ಕಪ್ಪುಗಳನ್ನು ತುಂಬಿ ತಟ್ಟೆ ಎತ್ತಿಕೊಂಡು, "ಹಾದಿ ಬಿಡ್ರಿ" ಎಂದಳು.